ಎಡಕ್ಕೆ ಕೂದಲು, ಬಲಕ್ಕೆ ಸೈಡ್ ಎಫೆಕ್ಟು

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಹದಿನೇಳು ವರ್ಷ ನಿಂತವನಿಗೆ ನಗು ಬರಿಸುವ ಸಂಗತಿಗಳು ವಾರಕ್ಕೆ ಎರಡಾದರೂ ನಡೆಯುತ್ತವೆ. ಕಷ್ಟವೇನೆಂದರೆ, ಗಿರಾಕಿಯ ಎದುರು ನಗಬಾರದು. ನಾನು ನಗುವವನೂ ಅಲ್ಲ. ಕೊಪ್ಪದಲ್ಲಿ ನನ್ನ ಅಂಗಡಿಗೆ ಹೆಸರು ಬಂದಿರುವುದು ಎರಡು ಕಾರಣಕ್ಕೆ. ಒಂದು, ಚೀಟಿ ಇಲ್ಲದೆ ಔಷಧಿ ಕೊಡುವುದಿಲ್ಲ. ಎರಡು, ಡಬ್ಬಿಯೊಳಗೆ ಮಡಚಿಟ್ಟ ಕಾಗದವನ್ನು ಪೂರ್ತಿ ಓದಿ ಕನ್ನಡದಲ್ಲಿ ಹೇಳದೆ ಡಬ್ಬಿಯನ್ನು ಕೈಬಿಡುವುದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವನು. ಸಣ್ಣ ಅಕ್ಷರದಲ್ಲಿ ಅಚ್ಚಾದದ್ದನ್ನು ಮೊದಲು ಓದಬೇಕು ಅಂತ ನಮ್ಮ ಸಿಸ್ಟರ್ ಬೆರಳ ಗಂಟಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದಾರೆ.

"ನಿಮ್ಮಲ್ಲಿ ತಲೆನೋವಿನ ಮಾತ್ರೆಗೆ ಬಂದ್ರೆ, ನೀವು ಓದಿ ಮುಗಿಸೋದ್ರೊಳಗೆ ತಲೆನೋವು ತಾನಾಗೇ ಹೋಗಿರ್ತದೆ ಮಾರಾಯ್ರೆ" ಅಂತ ಎದುರಿನ ಬೇಕರಿಯವರು ಹೇಳುತ್ತಾರೆ. ಹೇಳಲಿ.

ಹೀಗಿದ್ದವನು ಹೋದ ಆರು ತಿಂಗಳು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಕಳೆದೆ. ಅದಕ್ಕೆ ಕಾರಣ ಒಂದು ಡ್ರಾಯರು.

೧. ಕ್ಯಾಮೆರಾ ಹಿಡಿದ ಆಸಾಮಿ

ಶಾಂಪೂ ಸ್ಯಾಚೆಗಳು ಕಾಣೆಯಾಗುತ್ತಿವೆ ಅಂತ ಅಂಗಡಿಯ ಸೂರಿಗೆ ಒಂದು ಕ್ಯಾಮೆರಾ ಹಾಕಿಸಿದೆ. ಮೊದಲ ದಿನವೇ ಸಂಜೆ ಮೊಬೈಲಿನಲ್ಲಿ ನೋಡುತ್ತಿದ್ದೇನೆ, ಕೌಂಟರಿನ ಒಳಗೆ ಯಾರೋ ಒಬ್ಬ ಓಡಾಡುತ್ತಿದ್ದಾನೆ. ನೆತ್ತಿಯ ಮೇಲೆ ಉದ್ದಿನ ವಡೆಯಷ್ಟು ಅಗಲ ಬೋಳು. ನನ್ನ ರಕ್ತ ಕುದಿಯಿತು. ಅಂಗಡಿ ನಮ್ಮಿಬ್ಬರದು, ನಾನು ಮತ್ತು ನನ್ನ ಹೆಂಡತಿ. ಮೂರನೆಯವರಿಗೆ ಒಳಗೆ ಪ್ರವೇಶವೇ ಇಲ್ಲ.

"ಯಾರಿದು? ನಾನು ಇಲ್ಲದಾಗ ಯಾರನ್ನ ಒಳಗೆ ಬಿಟ್ಟೆ?"

ಅವಳು ಕನ್ನಡಕ ಹಾಕಿಕೊಂಡು ನೋಡಿದಳು. "ಶರ್ಟು ನೋಡಿ. ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿದ್ದು."

ಕಳ್ಳ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಮಾರನೆಯ ವಾರವೇ ಎನ್.ಆರ್.ಪುರಕ್ಕೆ ಹೋಗಿ, ವಾರಕ್ಕೊಮ್ಮೆ ಅಲ್ಲಿಗೆ ಬರುವ ಚರ್ಮದ ಡಾಕ್ಟರಿಗೆ ನೆತ್ತಿ ತೋರಿಸಿದೆ. ಅವರು ಎರಡು ಬರೆದರು. ಹಚ್ಚಲಿಕ್ಕೆ ಮಿನಾಕ್ಸಿಡಿಲ್ ಬಾಟ್ಲಿ, ನುಂಗಲಿಕ್ಕೆ ಫಿನಾಸ್ಟರೈಡ್ ಮಾತ್ರೆ. "ಆರು ತಿಂಗಳು ಬಿಟ್ಟು ತೋರಿಸಿ" ಅಂದರು. ನಿಯಮದ ಪ್ರಕಾರ ನನ್ನ ಚೀಟಿಗೆ ನಾನೇ ಔಷಧಿ ತೆಗೆದೆ. ನಿಯಮದ ಪ್ರಕಾರ ಒಳಗಿನ ಕಾಗದವನ್ನೂ ಪೂರ್ತಿ ಓದಿದೆ.

ಅಲ್ಲಿಗೆ ಕೈ ನಿಂತಿತು.

ಒಂದು ಬಿಳಿ ಹಾಳೆ ತಗೊಂಡು ನಡುವೆ ಗೀಟು ಎಳೆದೆ. ಎಡಕ್ಕೆ ಪ್ರಯೋಜನ, ಬಲಕ್ಕೆ ಸೈಡ್ ಎಫೆಕ್ಟು. ಎಡದಲ್ಲಿ ಬರೆದದ್ದು: "ಇದ್ದ ಕೂದಲು ಉಳಿಯಬಹುದು. ಸ್ವಲ್ಪ ಹೊಸದು ಬರಬಹುದು." ಅಷ್ಟೇ. ಬಲದಲ್ಲಿ ಬರೆಯುತ್ತಾ ಹೋದೆ, ಹಾಳೆ ತಿರುಗಿಸಬೇಕಾಯಿತು. ಮಾತ್ರೆ ಬಾಟ್ಲಿ ಎರಡನ್ನೂ ಡ್ರಾಯರಿನಲ್ಲಿಟ್ಟು, ಮೇಲೆ ಆ ಹಾಳೆ ಇಟ್ಟೆ. ಒಡೆಯಬೇಕೋ ಬೇಡವೋ ತೀರ್ಮಾನ ಆದ ಮೇಲೆ ಒಡೆಯುವುದು. ಅಷ್ಟರ ತನಕ ಊರವರ ತಲೆಗಳಿಂದ ಏನು ತಿಳಿಯುತ್ತದೋ ತಿಳಿದುಕೊಳ್ಳುವುದು.

೨. ಅಮ್ಮನಿಗೆ ಬಿಪಿ

ನಮ್ಮ ಕಡೆ ಕೂದಲಿನ ಔಷಧಿಯನ್ನು ಯಾರೂ ಸ್ವಂತ ಊರಿನಲ್ಲಿ ತಗೊಳ್ಳುವುದಿಲ್ಲ. ಶೃಂಗೇರಿಯವರು ಕೊಪ್ಪಕ್ಕೆ ಬರುತ್ತಾರೆ. ಕೊಪ್ಪದವರು ಎನ್.ಆರ್.ಪುರಕ್ಕೆ ಹೋಗುತ್ತಾರೆ. ಎನ್.ಆರ್.ಪುರದವರು ಅಷ್ಟು ದೂರ ಬಸ್ಸಿನಲ್ಲಿ ಕೂತು ಶೃಂಗೇರಿಗೆ ಹೋಗುತ್ತಾರಂತೆ. ಕೇಳಿದರೆ ದೇವಸ್ಥಾನಕ್ಕೆ ಅನ್ನುತ್ತಾರಂತೆ.

ಮಾರ್ಚ್ ತಿಂಗಳ ಬಿಸಿಲಿನಲ್ಲಿ ಒಬ್ಬರು ಮಂಕಿ ಕ್ಯಾಪು ಹಾಕಿಕೊಂಡು ಬಂದರು. ನೋಡಿದ ಕೂಡಲೆ ಗೊತ್ತಾಯಿತು, ಶೃಂಗೇರಿ ತಲೆ. ಮೊದಲು ಒಂದು ಬಾಮು ಕೇಳಿದರು. ಆಮೇಲೆ ಬ್ಯಾಂಡೇಜು. ಆಮೇಲೆ ಓಆರ್‌ಎಸ್. ನಾನು ಕೊಡುತ್ತಾ ಹೋದೆ. ಕೊನೆಗೆ ಕೌಂಟರಿನ ಮೇಲೆ ಅರ್ಧ ಮೈ ಬಗ್ಗಿಸಿ, ಮೊಬೈಲಿನಲ್ಲಿ ಒಂದು ಚೀಟಿಯ ಫೋಟೋ ತೋರಿಸಿದರು. ಮಿನಾಕ್ಸಿಡಿಲ್.

ಬಾಟ್ಲಿ ತೆಗೆದು ಕಾಗದ ಬಿಡಿಸಿ ಓದಲು ಶುರು ಮಾಡಿದೆ. "ಮೊದಲ ಕೆಲವು ವಾರ ಕೂದಲು ಇನ್ನೂ ಹೆಚ್ಚು ಉದುರಬಹುದು..."

"ಮೆಲ್ಲಗೆ ಹೇಳಿ ಮಾರಾಯ್ರೆ!"

ಅಷ್ಟು ಹೊತ್ತಿಗೆ ಹಿಂದೆ ತಲೆಗೆ ಟವೆಲ್ಲು ಸುತ್ತಿಕೊಂಡ ಇನ್ನೊಬ್ಬರು ಬಂದು ನಿಂತರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಶೃಂಗೇರಿಯಲ್ಲಿ ಅಕ್ಕಪಕ್ಕದ ಮನೆಯವರಂತೆ.

"ನೀನೆಂತ ಇಲ್ಲಿ?" ಟವೆಲ್ಲಿನವರು ಕೇಳಿದರು.

"ಅಮ್ಮನಿಗೆ ಬಿಪಿ ಮಾತ್ರೆ. ನೀನು?"

"ನಾನೂ ಅಮ್ಮನಿಗೇ."

ನನ್ನ ಕೈಯಲ್ಲಿ ಬಾಟ್ಲಿ ಇತ್ತು. ತಪ್ಪು ಮಾಹಿತಿಯೊಂದಿಗೆ ಔಷಧಿ ನನ್ನ ಅಂಗಡಿಯಿಂದ ಹೊರಗೆ ಹೋಗಬಾರದು, ಅದು ನನ್ನ ನಿಯಮ. ಗಟ್ಟಿಯಾಗಿಯೇ ಹೇಳಿದೆ: "ಅಮ್ಮನಿಗಾದರೆ ಇದು ಬೇಡ. ಇದು ಗಂಡಸರ ಬೋಳಿಗೆ ಬರೆದದ್ದು. ಹೆಂಗಸರು ಹಚ್ಚಿದರೆ ಮುಖದ ಮೇಲೆ ಕೂದಲು ಬರುವುದುಂಟು."

ಟವೆಲ್ಲಿನವರು ಬಾಟ್ಲಿ ನೋಡಿದರು, ಮಂಕಿ ಕ್ಯಾಪು ನೋಡಿದರು, ಆಮೇಲೆ ತಮ್ಮ ಜೇಬಿನಿಂದ ಚೀಟಿ ತೆಗೆದು ಕೌಂಟರಿನ ಮೇಲಿಟ್ಟರು.

"ನಮ್ಮ ಅಮ್ಮನಿಗೂ ಅದೇ ಕೊಡಿ."

ಅವರು ಹೋದ ಮೇಲೆ ನನ್ನ ಹಾಳೆಯ ಬಲಗಡೆ "ಮೊದಲು ಹೆಚ್ಚು ಉದುರುತ್ತದೆ" ಎಂಬುದರ ಅಡಿಗೆ ಗೀಟು ಹಾಕಿದೆ. ಅವತ್ತಿನಿಂದ ದಿನಾ ಬೆಳಿಗ್ಗೆ ದಿಂಬಿನ ಮೇಲಿನ ಕೂದಲು ಎಣಿಸುವುದು ಶುರುವಾಯಿತು. ಒಂಬತ್ತು. ಹನ್ನೊಂದು. ಹದಿನಾಲ್ಕು. ಹೆಚ್ಚುತ್ತಲೇ ಇತ್ತು.

೩. ಆಷಾಢದಲ್ಲಿ ನಾಲ್ಕು ತಾಸು

ಇಲ್ಲೇ ಕೊಪ್ಪದ ಹತ್ತಿರದ ನಾರ್ವೆ ಹಳ್ಳಿಯ ಒಬ್ಬ ಕೃಷಿಕರು ಜೂನ್ ಕೊನೆಗೆ ಅದೇ ಬಾಟ್ಲಿ ತಗೊಂಡರು. ಓದಿ ಹೇಳಿದೆ: "ಹಚ್ಚಿದ ಮೇಲೆ ನಾಲ್ಕು ತಾಸು ತಲೆ ಒದ್ದೆ ಆಗಬಾರದು."

"ಆಷಾಢದಲ್ಲಾ?"

"ಕಾಗದದಲ್ಲಿ ಆಷಾಢದ ವಿಷಯ ಬರೆದಿಲ್ಲ. ನಾಲ್ಕು ತಾಸು ಅಂದರೆ ನಾಲ್ಕು ತಾಸು."

ಅವರು ಯೋಚನೆ ಮಾಡುತ್ತಾ ಹೋದರು. ಮೂರು ವಾರ ಬಿಟ್ಟು ಬಂದಾಗ ತಲೆಯ ಮೇಲೆ ಹೆಲ್ಮೆಟ್ಟು ಇತ್ತು. ಅಂಗಡಿಯೊಳಗೆ ಹೆಲ್ಮೆಟ್ ತೆಗೆಯಿರಿ ಅಂತ ನಾನು ಬೋರ್ಡು ಹಾಕಿದ್ದೇನೆ, ತೋರಿಸಿದೆ. ಅವರು ಹತ್ತಿರ ಬಂದರು. ಅದು ಹೆಲ್ಮೆಟ್ ಅಲ್ಲ. ಅವರದೇ ಕೂದಲು, ಒಂದೇ ಹೆಪ್ಪಾಗಿ ಹೊಳೆಯುತ್ತಿತ್ತು. ಬೆರಳಿನಿಂದ ತಟ್ಟಿದರೆ ಟಕ್ ಟಕ್ ಅಂತಿತ್ತು.

"ಎಂತ ಮಾಡಿದ್ರಿ?"

"ಅಡಿಕೆಗೆ ಕೊಳೆರೋಗದ ಔಷಧಿ ಹೊಡೀವಾಗ ಎಂತ ಮಾಡ್ತೀವಿ? ಮಳೆಗೆ ತೊಳೆದು ಹೋಗಬಾರ್ದು ಅಂತ ರಾಳ ಕಾಯಿಸಿ ಸೇರಿಸ್ತೀವಲ್ಲ? ನೀವೇ ಹೇಳಿದ್ರಿ ಒದ್ದೆ ಆಗಬಾರ್ದು ಅಂತ. ನಿಮ್ಮ ಬಾಟ್ಲಿಗೂ ಒಂದು ಚಮಚ ರಾಳ ಹಾಕಿದೆ. ಒಂದು ಹನಿ ಒಳಗಿಳೀಲಿಲ್ಲ, ನೋಡಿ!"

"ಕಾಗದದಲ್ಲಿ ರಾಳ ಹಾಕಿ ಅಂತ ಎಲ್ಲಿದೆ?"

"ರಾಳ ಹಾಕಬೇಡಿ ಅಂತ ಎಲ್ಲಿದೆ?"

ಕಾಗದ ಪೂರ್ತಿ ಮತ್ತೆ ಓದಿದೆ. ಇರಲಿಲ್ಲ.

ಎರಡು ದಿನ ಕೊಬ್ಬರಿ ಎಣ್ಣೆ ಹಾಕಿ ನೆನೆಸಿಟ್ಟರಂತೆ. ಮೂರನೆಯ ದಿನ ಕ್ಷೌರದವನು ಬುಡದಿಂದಲೇ ತೆಗೆದನಂತೆ, ಇಡೀ ಟೋಪಿ ಒಂದೇ ತುಂಡಾಗಿ ಕೈಗೆ ಬಂತಂತೆ. ಆಮೇಲೆ ನುಣ್ಣಗೆ ಬೋಳಾದ ತಲೆಯಲ್ಲಿ ಅಂಗಡಿಗೆ ಬಂದು ನಿಂತರು. ಜಗಳಕ್ಕೇ ಬಂದರು ಅಂತ ನಾನು ಕಾಗದ ಹಿಡಿದು ಸಿದ್ಧನಾದೆ. ಅವರು ತಲೆ ಸವರಿಕೊಂಡು ಸಮಾಧಾನವಾಗಿ ಹೇಳಿದರು:

"ಎಂತಾದ್ರೂ ಆಗಲಿ, ಕೊಳೆ ಬರ್ಲಿಲ್ಲ."

೪. ಐದು ಹೋಳು

ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಮುತ್ತಿನಕೊಪ್ಪದ ಒಬ್ಬನು ತಂದೆಯ ಪ್ರಾಸ್ಟೇಟ್ ಮಾತ್ರೆ ತಗೊಳ್ಳಲು ಪ್ರತಿ ತಿಂಗಳು ಬರುತ್ತಿದ್ದ. ಒಂದು ಸಲ ಐದು ದಿನ ಮೊದಲೇ ಬಂದ. ಮೂವತ್ತು ಮಾತ್ರೆ ಇಪ್ಪತ್ತೈದು ದಿನಕ್ಕೆ ಮುಗಿಯುವುದು ಹೇಗೆ? ನಾನು ಕೇಳುವವನೇ.

"ತಂದೆಯವರು ಎರಡೆರಡು ನುಂಗ್ತಿದ್ದಾರಾ?"

"ಇಲ್ಲ."

"ಕಳೆದು ಹೋಯ್ತಾ?"

"ಇಲ್ಲ."

"ಮತ್ತೆ?"

ಅವನು ಟೋಪಿ ತೆಗೆದ. ಅರ್ಥವಾಯಿತು. ತಂದೆಯ ಮಾತ್ರೆಯೂ ಕೂದಲಿನ ಮಾತ್ರೆಯೂ ಒಂದೇ ಔಷಧಿ. ಪ್ರಾಸ್ಟೇಟಿಗೆ ಐದು ಮಿಲಿಗ್ರಾಂ, ಕೂದಲಿಗೆ ಒಂದು. ಇವನು ಮೊಬೈಲಿನಲ್ಲಿ ಅದನ್ನು ಓದಿ, ತಂದೆಯ ಮಾತ್ರೆಯನ್ನು ಐದು ಹೋಳು ಮಾಡಿ ದಿನಕ್ಕೊಂದು ನುಂಗುತ್ತಿದ್ದ.

"ಐದು ಹೋಳು ಹೇಗೆ ಮಾಡಿದೆ?"

"ಅಡಕತ್ತರಿಯಲ್ಲಿ. ಅಡಿಕೆ ಕತ್ತರಿಸೋ ಕೈ ಅಲ್ವಾ, ಒಂದೂ ಹೆಚ್ಚುಕಮ್ಮಿ ಆಗಲ್ಲ." ಹೆಮ್ಮೆಯಿಂದ ಹೇಳಿದ.

ನನಗೆ ಎದೆ ಧಸಕ್ಕೆಂದಿತು. ಈ ಮಾತ್ರೆಯ ಪುಡಿಯನ್ನು ಬಸುರಿಯರು ಮುಟ್ಟಲೂ ಬಾರದು. ಗಂಡು ಮಗುವಾದರೆ ಬೆಳವಣಿಗೆಗೆ ತೊಂದರೆ. ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಇವನ ಹೆಂಡತಿಗೆ ಆರು ತಿಂಗಳು. ಅವಳ ಕಬ್ಬಿಣದ ಮಾತ್ರೆಯನ್ನೂ ನಾನೇ ಕೊಡುತ್ತಿದ್ದದ್ದು.

"ಫೋನ್ ಮಾಡು. ಈಗಲೇ."

ಮಾಡಿದ. ಸ್ಪೀಕರಿನಲ್ಲಿಟ್ಟ. "ಏ, ನೀನು ಅಡಕತ್ತರಿ ಮುಟ್ಟಬೇಡ."

"ನಾನ್ಯಾಕೆ ಮುಟ್ಲಿ? ನನಗೆ ಎಲೆಅಡಿಕೆ ಕವಳದ ವಾಸನೆಯೇ ಆಗಲ್ಲ. ನೀವು ಅದನ್ನ ಮುಟ್ಟಿದ್ದೇ ಆಶ್ಚರ್ಯ. ಅಡಿಕೆ ಸುಲಿಯೋಕೆ ಕರೆದ್ರೆ ಸೊಂಟನೋವು ಅಂತೀರಿ."

ಉಸಿರು ಬಂತು. ಆದರೂ ಬಿಡಲಿಲ್ಲ. ಆ ಅಡಕತ್ತರಿ ಮತ್ತೆ ಯಾರು ಬಳಸುತ್ತಾರೆ ಅಂತ ಕೇಳಿದೆ. ಅಜ್ಜಿ, ದಿನಕ್ಕೆ ಎಂಟು ಕವಳ. ತಂದೆಯ ಮಾತ್ರೆ ಕದಿಯಬಾರದು, ಡಾಕ್ಟರನ್ನು ಕೇಳದೆ ನುಂಗಬಾರದು, ಅಡಕತ್ತರಿ ಸೋಪು ಹಾಕಿ ನೀನೇ ತೊಳೆದು ಅಟ್ಟದ ಮೇಲಿಡು ಅಂತ ಇಪ್ಪತ್ತು ನಿಮಿಷ ಬೈದು ಕಳಿಸಿದೆ.

ಮುಂದಿನ ತಿಂಗಳು ಸರಿಯಾದ ದಿನಕ್ಕೆ ಬಂದ. ಮುಖ ಸಪ್ಪಗಿತ್ತು.

"ಮಾತ್ರೆ ಬಿಟ್ಟೆ ಸಾರ್. ಅಷ್ಟು ದಿನ ನುಂಗಿದ್ರೂ ನನಗೆಂತ ಬರಲಿಲ್ಲ. ಅಜ್ಜಿ ಮಾತ್ರ ಹಣೆ ಮೇಲೆ ಎರಡು ಕರೀ ಕೂದಲು ಬಂದಿದೆ ಅಂತ ಊರೆಲ್ಲ ತೋರಿಸ್ತಿದ್ದಾಳೆ. ಹೋಳು ನುಂಗಿದವನು ನಾನು. ಪುಡಿ ತಿಂದವಳಿಗೆ ಹಿಡೀತು."

ಅಜ್ಜಿಯ ಎರಡು ಕೂದಲನ್ನು ನಾನು ಎಡಗಡೆ ಬರೆಯಲಿಲ್ಲ. ಪುರಾವೆ ಸಾಲದು. ಬಲಗಡೆಗೆ ಮಾತ್ರ "ಎದೆ ಧಸಕ್ಕೆನ್ನುವುದು" ಅಂತ ಸೇರಿಸಿ ತಾರೀಖು ಹಾಕಿದೆ. ಯಾಕೆಂದರೆ ಅವತ್ತಿನಿಂದ ನನಗೂ ಎದೆ ಬಡಿತ ಜೋರಾಗಿತ್ತು. ಬಿಪಿ ಯಂತ್ರ ಅಂಗಡಿಯಲ್ಲೇ ಇದೆ. ಗಿರಾಕಿ ಇಲ್ಲದಾಗೆಲ್ಲ ತೋಳಿಗೆ ಸುತ್ತಿಕೊಳ್ಳುತ್ತಿದ್ದೆ.

"ಅದಕ್ಕೆ ಸ್ವಲ್ಪ ರೆಸ್ಟು ಕೊಡಿ" ಅಂದಳು ಹೆಂಡತಿ, ಯಂತ್ರ ತೋರಿಸಿ.

೫. ಬೆಂಚಿನ ಮೇಲಿನ ಅಮ್ಮ

ಹಿರೇಕೊಡಿಗೆಯ ಒಬ್ಬ ಹುಡುಗ, ಮೂವತ್ತರ ಹತ್ತಿರ, ಫಿನಾಸ್ಟರೈಡ್ ಮಾತ್ರೆಗೆ ಡಾಕ್ಟರ ಚೀಟಿ ಸಮೇತ ಬಂದ. ನಾಲ್ಕು ಕಡೆ ಹೆಣ್ಣು ನೋಡಿ ಆಗಿತ್ತಂತೆ. ನಾಲ್ಕು ಕಡೆಯೂ ಕಾಫಿ ಕೊಟ್ಟು, ಟೋಪಿ ತೆಗೆಸಿ ತಲೆ ನೋಡಿ, "ತಿಳಿಸ್ತೀವಿ" ಅಂದಿದ್ದರಂತೆ.

ಕಾಗದ ಓದಿದೆ. ಎರಡನೆಯ ಪ್ಯಾರಾದಲ್ಲಿ ಅದು ಬಂತು. ಅದನ್ನು ಗುಟ್ಟಾಗಿ ಗೊಣಗುವುದು ನನ್ನ ಜಾಯಮಾನವಲ್ಲ. "ಕೆಲವರಿಗೆ ದಾಂಪತ್ಯದ ಆಸಕ್ತಿ ಕಡಿಮೆ ಆಗಬಹುದು. ಸಾಮರ್ಥ್ಯವೂ ಕುಗ್ಗಬಹುದು. ಎಲ್ಲರಿಗೂ ಅಲ್ಲ. ಹೆಚ್ಚಿನವರಿಗೆ ಮಾತ್ರೆ ಬಿಟ್ಟ ಮೇಲೆ ಸರಿಹೋಗುತ್ತದೆ; ಬಿಟ್ಟರೂ ಸರಿಹೋಗದವರು ಅಪರೂಪಕ್ಕೆ ಇದ್ದಾರೆ."

ಹುಡುಗ ಕೆಂಪಾದ. ಆದರೆ ಬುದ್ಧಿವಂತ, ಬೆರಳು ಮಡಚಿ ಲೆಕ್ಕ ಹಾಕಿದ.

"ಮಾತ್ರೆ ತಗೊಂಡ್ರೆ ಕೂದಲು. ಕೂದಲಿದ್ರೆ ಮದುವೆ. ಮದುವೆ ಆದ್ರೆ..." ಅಲ್ಲಿಗೆ ನಿಲ್ಲಿಸಿದ. "ಹಾಗಾದ್ರೆ ಮದುವೆ ಆಗಿ ಎಂತ ಮಾಡೋದು ಸಾರ್?"

ಇದಕ್ಕೆ ಕಾಗದದಲ್ಲಿ ಉತ್ತರ ಇರಲಿಲ್ಲ. ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳು, ನಾಚಬೇಡ ಅಂದೆ.

ಬೆಂಚಿನ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆಗೆ ಕಾಯುತ್ತಿದ್ದ ಒಬ್ಬ ಅಮ್ಮ, ಎಪ್ಪತ್ತರ ಮೇಲಿನವರು, ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದಿದೆ ಅಂತ ನಾವು ತಿಳಿದಿದ್ದೆವು.

"ತಮ್ಮಾ" ಅಂದರು ಕಣ್ಣು ಬಿಡದೆ, "ನಮ್ಮನೆಯವರಿಗೆ ಮದುವೆ ದಿನವೇ ಬೋಳು. ಬಾಸಿಂಗ ನಿಲ್ಲದೆ ಹಿಂದೆ ಒಬ್ಬರು ಹಿಡ್ಕೊಂಡು ಕೂತಿದ್ರು. ನಲವತ್ತೆಂಟು ವರ್ಷ ಸಂಸಾರ ಮಾಡಿದೆ. ಏಳು ಮಕ್ಕಳು."

ಆಮೇಲೆ ಸೇರಿಸಿದರು: "ಸ್ವಲ್ಪ ಕೂದಲಿದ್ದಿದ್ರೆ, ಬಾಚಿಕೊಳ್ಳೋದಕ್ಕಾದ್ರೂ ಅವರಿಗೆ ಹೊತ್ತು ಬೇಕಾಗ್ತಿತ್ತು."

ಹುಡುಗ ಚೀಟಿ ಮಡಚಿ ಜೇಬಿಗಿಟ್ಟು ಹೋದ. ಮುಂದಿನ ಹೆಣ್ಣಿನ ಮನೆಗೆ ಟೋಪಿ ಇಲ್ಲದೆ ಹೋಗುತ್ತೇನೆ, ಏನಾಗುತ್ತೋ ನೋಡಿ ಆಮೇಲೆ ಬರುತ್ತೇನೆ ಅಂದ. ಇನ್ನೂ ಬಂದಿಲ್ಲ.

೬. ತೋರಿಸಿಕೊಳ್ಳುವ ದಿನ

ಆರು ತಿಂಗಳು ತುಂಬಿತು. ನನ್ನ ಹಾಳೆ ಒಂದು ಹೋಗಿ ನಾಲ್ಕಾಗಿತ್ತು, ಎಲ್ಲ ಬಲಗಡೆಗೇ. ನೆತ್ತಿ ತುರಿಸುತ್ತಿತ್ತು. ಎದೆ ಬಡಿಯುತ್ತಿತ್ತು. ನಿದ್ದೆ ಸರಿಯಿರಲಿಲ್ಲ. ಯಾವುದರಲ್ಲೂ ಮನಸ್ಸಿಲ್ಲ. ಗಿರಾಕಿಗೆ ಚಿಲ್ಲರೆ ಕೊಟ್ಟು, ಕೊಟ್ಟೆನೋ ಇಲ್ಲವೋ ಅಂತ ಬೀದಿಗೆ ಇಳಿದು ಕೇಳಿ ಬರುತ್ತಿದ್ದೆ.

"ಡಾಕ್ಟ್ರ ಹತ್ರ ನಾನೂ ಬರ್ತೀನಿ" ಅಂದಳು ಹೆಂಡತಿ. ಬೇಡ ಅಂದೆ. ಚೀಲ ತಗೊಂಡು ಬಂದೇಬಿಟ್ಟಳು. ಅಂಗಡಿಗೆ ಅರ್ಧ ದಿನ ಬಾಗಿಲು.

ಎನ್.ಆರ್.ಪುರದ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಬ್ಬರು ಪೇಪರು ಅಡ್ಡ ಹಿಡಿದು ಕೂತಿದ್ದರು. ಪೇಪರು ಇಳಿಯಿತು. ನಮ್ಮ ಎದುರಿನ ಬೇಕರಿಯವರು!

"ನೀವೆಂತ ಇಲ್ಲಿ ಮಾರಾಯ್ರೆ?"

ಜೀವಮಾನದಲ್ಲಿ ಸುಳ್ಳು ಹೇಳದ ನನ್ನ ಬಾಯಿಗೆ ಅದೇನು ಬಂತೋ, "ಅಮ್ಮನಿಗೆ ಬಿಪಿ..." ಅಂದೆ.

"ಅತ್ತೆ ತೀರಿಕೊಂಡು ನಾಲ್ಕು ವರ್ಷ ಆಯ್ತು" ಅಂತ ಹೆಂಡತಿ ಪಕ್ಕದಿಂದ ಮೆಲ್ಲಗೆ ಅಂದಳು. ಬೇಕರಿಯವರು ತಕ್ಷಣ ಪೇಪರು ಎತ್ತಿ ಮುಖ ಮುಚ್ಚಿಕೊಂಡರು. ಪೇಪರು ತುಂಬಾ ಹೊತ್ತು ಅಲ್ಲಾಡುತ್ತಿತ್ತು.

ಒಳಗೆ ಕರೆದರು. ಡಾಕ್ಟರು ನನ್ನ ಹಳೆಯ ಚೀಟಿ ನೋಡಿ, "ಆರು ತಿಂಗಳಾಯ್ತು. ಹೇಗಿದೆ?" ಅಂದರು.

ನಾನು ಹಾಳೆಗಳನ್ನು ಬಿಡಿಸಿದೆ. ತಾರೀಖು ಸಮೇತ ಓದಿದೆ. ನೆತ್ತಿ ತುರಿಕೆ, ಏಪ್ರಿಲ್ ಎರಡರಿಂದ. ಹೆಚ್ಚು ಉದುರುವಿಕೆ, ದಿಂಬಿನ ಮೇಲೆ ಎಣಿಸಿದ ಸಂಖ್ಯೆ ಹೀಗೆ ಹೀಗೆ. ಎದೆ ಬಡಿತ, ಇಷ್ಟು ಸಲ. ಮನಸ್ಸಿಗೆ ಬೇಸರ. ನಿದ್ರಾಭಂಗ. ಕೂತಲ್ಲಿ ಕೂರಲಾಗದಿರುವುದು. ಕೊನೆಗೆ ಒಂದು ಅಂಶ ಉಳಿಯಿತು. ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡಿದಳು. ನಿಯಮ ನಿಯಮವೇ. ಗಂಟಲು ಸರಿಮಾಡಿಕೊಂಡು ಅದನ್ನೂ ಓದಿದೆ, ತಾರೀಖು ಮಾತ್ರ ಬಿಟ್ಟು.

ಡಾಕ್ಟರು ಗಂಭೀರರಾದರು. ಪೆನ್ನು ಕೆಳಗಿಟ್ಟರು. "ಇದು ಹಗುರವಾಗಿ ತಗೊಳ್ಳೋ ವಿಷಯ ಅಲ್ಲ. ನೀವು ಔಷಧಿ ವಿಷಯ ಗೊತ್ತಿದ್ದವರು. ಇಷ್ಟೆಲ್ಲ ಆಗ್ತಿರೋವಾಗ ಯಾಕೆ ಮುಂದುವರಿಸಿದ್ರಿ? ಇವತ್ತಿಂದಲೇ ಎರಡನ್ನೂ ನಿಲ್ಲಿಸಿ."

"ಯಾವುದನ್ನ ನಿಲ್ಲಿಸೋದು ಡಾಕ್ಟ್ರೆ?" ಅಂತ ಹೆಂಡತಿ ಕೇಳಿದಳು.

ಚೀಲದ ಬಾಯಿ ಬಿಚ್ಚಿದಳು. ನನ್ನ ಡ್ರಾಯರಿನಲ್ಲಿದ್ದ ಸ್ಟ್ರಿಪ್ಪುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಬಾಟ್ಲಿ ಇಟ್ಟಳು. ಡಾಕ್ಟರು ಬಾಟ್ಲಿಯ ಮುಚ್ಚಳ ತಿರುಗಿಸಿ ನೋಡಿದರು. ಸೀಲು ಹಾಗೇ ಇತ್ತು. ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದರು. ಒಂದು ಗುಳಿಯೂ ಒಡೆದಿರಲಿಲ್ಲ.

"ಒಂದೂ ತಗೊಂಡಿಲ್ವಾ?"

"ಇಲ್ಲ" ಅಂದೆ. "ಸಾಧಕ ಬಾಧಕ ಇನ್ನೂ ತೂಗುತ್ತಾ ಇದ್ದೆ."

ಡಾಕ್ಟರು ನನ್ನ ನಾಲ್ಕು ಹಾಳೆ ನೋಡಿದರು. ನನ್ನ ಮುಖ ನೋಡಿದರು. ಮೇಜಿನ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿದರು. ಸ್ವಲ್ಪ ಹೊತ್ತು ಮೇಲೆ ಬರಲೇ ಇಲ್ಲ. ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ತಗೊಂಡರೂ ಸರಿ, ಬಿಟ್ಟರೂ ಸರಿ, ಆದರೆ ತೂಗುವುದನ್ನು ಮಾತ್ರ ಇವತ್ತೇ ನಿಲ್ಲಿಸಿ ಅಂದರು.

ಹೆಂಡತಿ ಸ್ಟ್ರಿಪ್ಪನ್ನು ನನ್ನ ಮುಂದಕ್ಕೆ ತಳ್ಳಿದಳು.

"ಧೈರ್ಯವಾಗಿ ನುಂಗಿ ಮಾರಾಯ್ರೆ. ಸೈಡ್ ಎಫೆಕ್ಟು ಎಲ್ಲ ಆಗಿ ಮುಗೀತು. ಇನ್ನು ಬರೋದು ಅಂತ ಬಾಕಿ ಇದ್ರೆ ಕೂದಲೊಂದೇ."